ಒಚೆರೆಯ ಒಂದು ಪುಟದ ವರದಿ

ಕುಮಾಸಿ ಊರಿನ ಗಂಡಸು ಬೇಕಾದ ಕಷ್ಟ ಸಹಿಸಿಯಾನು, ಭಾನುವಾರ ಮಧ್ಯಾಹ್ನ ಒಬ್ಬನೇ ಫುಫು ಕುಟ್ಟುವ ಕಷ್ಟವನ್ನು ಮಾತ್ರ ಸಹಿಸಲಾರ. ಬೆಂದ ಮರಗೆಣಸು, ಬಾಳೆಕಾಯಿ ಒರಳಿಗೆ ಬಿದ್ದವೆಂದರೆ ಗಂಡ ನಿಂತು ಒನಕೆ ಹಾಕಬೇಕು, ಹೆಂಡತಿ ಪಕ್ಕದಲ್ಲಿ ಕೂತು ಎರಡು ಪೆಟ್ಟಿನ ನಡುವೆ ಕೈ ತೂರಿಸಿ ಮುದ್ದೆ ತಿರುವಬೇಕು. ಸಂಸಾರದ ತಾಳವೇ ಅದು. ಒಚೆರೆಯ ಮನೆಯಲ್ಲಿ ಆ ತಾಳ ತಪ್ಪಿ ಎಂಟು ತಿಂಗಳಾಗಿತ್ತು. ಒಂದು ಪೆಟ್ಟು ಹಾಕುವುದು, ಒನಕೆಯನ್ನು ಗೋಡೆಗೆ ಒರಗಿಸುವುದು, ಬಗ್ಗಿ ಮುದ್ದೆ ತಿರುವುವುದು, ಸೊಂಟ ಹಿಡಿದುಕೊಂಡು ಏಳುವುದು, ಮತ್ತೆ ಒನಕೆ ಎತ್ತುವುದು. ಪಕ್ಕದ ಮನೆಯವನು ಗೋಡೆಯ ಮೇಲಿಂದ ಇಣುಕಿ ಕೇಳುತ್ತಿದ್ದ, "ಏನ್ ಒಚೆರೆ, ಅಡುಗೇನೋ, ಕಸರತ್ತೋ?"

ಇದಕ್ಕೆಲ್ಲ ಕಾರಣ ಹೆಂಡತಿ ಅಫ್ರಿಯೆಯ ಬಟ್ಟೆ ಅಂಗಡಿ. ಅಂಗಡಿಯದ್ದಾದರೂ ಏನು ತಪ್ಪು, ಅಂಗಡಿಗೆ ಕಳೆದ ವರ್ಷ ಮಾಡಿಸಿದ ವೆಬ್‌ಸೈಟಿನದ್ದು. (ಮಾಡಿಸಿದವನು ಯಾರು ಎಂದು ಕೇಳಬೇಡಿ. ಒಚೆರೆಯೇ.) ಅದನ್ನು ನೋಡಲು ಯಾರು ಬಂದರು, ಯಾವ ಊರಿಂದ ಬಂದರು, ಯಾವ ಬಟ್ಟೆಯ ಮುಂದೆ ಎಷ್ಟು ಹೊತ್ತು ನಿಂತರು ಎಂಬ ಲೆಕ್ಕ ವಾರಕ್ಕೆ ನಲವತ್ತು ಪುಟ ತುಂಬುತ್ತಿತ್ತು. ಸೋಮವಾರ ಬೆಳಗ್ಗೆ ಸಗಟು ಮಳಿಗೆಗೆ ಹೋಗುವ ಮೊದಲು ಅದನ್ನೆಲ್ಲ ಓದಿ ಮುಗಿಸದೆ ಅಫ್ರಿಯೆ ಏಳುವವಳಲ್ಲ.

"ಅಫ್ರಿಯೆ, ಬಾರೇ, ಗಂಟು ಕಟ್ತಾ ಇದೆ!"

"ಇರೋ ಮಾರಾಯ, ಇನ್ನೂ ಇಪ್ಪತ್ತಮೂರನೇ ಪುಟದಲ್ಲಿದೀನಿ."

"ಅದನ್ನ ಓದಿದ್ರೆ ಹೊಟ್ಟೆ ತುಂಬುತ್ತಾ?"

"ಓದದೆ ಇದ್ರೆ ಒರಳಿಗೆ ಹಾಕೋಕೆ ಗೆಣಸೂ ಇರಲ್ಲ. ಕುಟ್ಟು."

ಈ ಮಾತು ಒಚೆರೆಯ ಎದೆಗೆ ನಾಟಿತು. ಯಾಕೆಂದರೆ ಅವನ ಉದ್ಯೋಗವೇ ಅದು. ಬಸ್ ಟಿಕೆಟ್ ಮಾರುವ ಕಂಪನಿಯೊಂದರಲ್ಲಿ ವೆಬ್‌ಸೈಟಿಗೆ ಬಂದುಹೋದವರ ಲೆಕ್ಕ ನೋಡುವವನು ಅವನು. ಅಂಥ ಅಂಕಿಸಂಖ್ಯಾ ಶಿರೋಮಣಿಯ ಹೆಂಡತಿ ನಲವತ್ತು ಪುಟ ಓದುವುದೆಂದರೆ ಗಡಿಯಾರ ರಿಪೇರಿಯವನ ಮನೆಯಲ್ಲಿ ನೆರಳು ನೋಡಿ ಹೊತ್ತು ಹೇಳಿದ ಹಾಗೆ. ಅವನು ಒನಕೆ ಕೆಳಗಿಟ್ಟು ಒಳಗೆ ಬಂದ.

"ನೋಡು, ಬರೋರೆಲ್ಲ ಒಂದೇ ಅಂತ ಸೇರಿಸಿ ಓದಿದ್ರೆ ತಲೆ ಕೆಡುತ್ತೆ. ಪಂಗಡ ಮಾಡ್ಬೇಕು. ಕೊಳ್ಳೋರು ಒಂದು ಪಂಗಡ, ಮತ್ತೆ ಮತ್ತೆ ಬರೋರು ಒಂದು, ಸುಮ್ನೆ ನೋಡಿ ಹೋಗೋರು ಒಂದು. ಆಮೇಲೆ ನಿನಗೆ ಬೇಕಾದ ನಾಲ್ಕೇ ನಾಲ್ಕು ಅಂಕಿ ಹಾಕಿ, ನಿನ್ನ ಅಳತೆಗೆ ಹೊಲಿದ ಒಂದು ವರದಿ. ಸೋಮವಾರ ಬೆಳಗ್ಗೆ ಆರು ಗಂಟೆಗೆ ತಾನೇ ಬಂದು ನಿನ್ನ ಫೋನಿಗೆ ಬೀಳುತ್ತೆ."

"ಅಂಗಡೀಲಿ ನಾನು ಮುಖ ನೋಡೇ ಹೇಳ್ತೀನಿ, ಯಾರು ಕೊಳ್ತಾರೆ, ಯಾರು ಬರೀ ಬಟ್ಟೆ ಸವರಿ ಹೋಗ್ತಾರೆ ಅಂತ."

"ವೆಬ್‌ಸೈಟಲ್ಲಿ ಮುಖ ಎಲ್ಲಿದೆ?"

ಅಫ್ರಿಯೆ ಇಪ್ಪತ್ತಮೂರನೇ ಪುಟವನ್ನು ಪಕ್ಕಕ್ಕಿಟ್ಟಳು. ಎಂಟು ತಿಂಗಳಲ್ಲಿ ಒಚೆರೆ ಗೆದ್ದ ಮೊದಲ ವಾದ ಅದು.

ಮೂರು ಸಂಜೆ ಕೂತು ಅವನು ವರದಿ ಕಟ್ಟಿದ. ಸೋಮವಾರ ಆರು ಗಂಟೆಗೆ ಅದು ಟಣ್ ಎಂದು ಬಂದೇ ಬಂತು. ಒಂದೇ ಪುಟ! ಬಟ್ಟಲಲ್ಲಿದ್ದ ಜೋಳದ ಗಂಜಿ ಆರುವಷ್ಟರಲ್ಲಿ ಅಫ್ರಿಯೆ ಓದಿ ಮುಗಿಸಿ, ಮೂರು ಬಟ್ಟೆ ತರಬೇಕು, ಎರಡು ಬೇಡ ಎಂದು ತೀರ್ಮಾನ ಮಾಡಿ ಹೊರಟಳು. ಮುಂದಿನ ಭಾನುವಾರ ಒರಳಿನ ಪಕ್ಕ ಮಣೆ ಹಾಕಿಕೊಂಡು ಕೂತಳು. ಧಪ್, ಕೈ, ಧಪ್, ಕೈ. ಪಕ್ಕದ ಮನೆಯವನು ಇಣುಕಿ ನೋಡಿ ತಲೆ ಕೆಳಗಿಳಿಸಿದ.

ಆಮೇಲೆ ಒಚೆರೆಯನ್ನು ಹಿಡಿಯುವವರು ಯಾರು! ಕ್ಷೌರದಂಗಡಿಯಲ್ಲಿ ಅದೇ ಮಾತು, ಬಸ್ಸಿನಲ್ಲಿ ಅದೇ ಮಾತು. ಚರ್ಚಿನ ಬಾಗಿಲಲ್ಲಿ ಪಾದ್ರಿಯನ್ನೇ ನಿಲ್ಲಿಸಿ, ಮೊದಲಿಂದ ಕೂರುವವರು, ಕೊನೆಯ ಹಾಡಿಗೆ ಬರುವವರು, ನಿದ್ದೆ ಮಾಡುವವರು ಎಂದು ಸಭೆಯನ್ನು ಪಂಗಡ ಮಾಡಿಕೊಟ್ಟರೆ ಉಪದೇಶದ ಹೊತ್ತು ಎಷ್ಟು ಉಳಿಯುತ್ತದೆಂದು ವಿವರಿಸಿದ. ಪಾದ್ರಿಗಳಿಗೆ ತಕ್ಷಣ ಬೇರೆ ಕಡೆ ಕೆಲಸ ನೆನಪಾಯಿತು.

ಸಮಯ ಉಳಿಸುವ ಇದೇ ಸಿದ್ಧಾಂತವನ್ನು ಅವನು ಬಾಳಿನಲ್ಲೂ ಪಾಲಿಸುತ್ತಿದ್ದ. ಹೆಂಡತಿಯ ಕಡೆಯವರು ಹೊಸದಾಗಿ ಮಾಡಿ ಅವನನ್ನು ಸೇರಿಸಿದ್ದ ಫೋನಿನ ಗ್ರೂಪನ್ನು ಮೊದಲ ದಿನವೇ ಬಾಯಿ ಮುಚ್ಚಿಸಿಬಿಟ್ಟಿದ್ದ. ದಿನಕ್ಕೆ ಅರುವತ್ತು ಶುಭೋದಯ, ಹೂವಿನ ಚಿತ್ರ, ವೋಫಾ ಎನ್‌ಟಿಮ್ ಅವರ ಗಂಟಲು ಕೆರೆದುಕೊಳ್ಳುವ ಧ್ವನಿಮುದ್ರಣ. ಯಾರಿಗಿದೆ ವ್ಯವಧಾನ?

ಈ ವೋಫಾ ಎನ್‌ಟಿಮ್ ಎಂದರೆ ಅಫ್ರಿಯೆಯ ಸೋದರಮಾವ (ವೋಫಾ ಎಂದರೆ ಅಲ್ಲಿ ಮಾವ). ಆ ಮನೆತನದಲ್ಲಿ ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಆಗ ಅವರ ಮುಂದೆ ಇದ್ದದ್ದು ಅವರ ಅಕ್ಕ ಬಿರಾಗೊ, ಅಂದರೆ ಒಚೆರೆಯ ಅತ್ತೆ, ಎಪ್ಪತ್ತು ತುಂಬಿಸಿದ ಕೃತಜ್ಞತಾ ಪೂಜೆ. ಮನೆಮಂದಿ ನಲವತ್ತೆರಡು ಜನವೂ ಒಂದೇ ಬಟ್ಟೆ ಉಟ್ಟು ಚರ್ಚಿಗೆ ನಡೆಯಬೇಕು. ಯಾವ ಬಟ್ಟೆ?

"ಅಮ್ಮನ ಎಪ್ಪತ್ತಕ್ಕೆ ಬಟ್ಟೆ ನನ್ನಂಗಡಿಯಿಂದ ಹೋಗ್ದೆ ಕೊನಾದು ಅಂಗಡಿಯಿಂದ ಹೋದ್ರೆ ನಾನು ಆ ಊರಲ್ಲಿ ಮುಖ ಎತ್ತಿ ತಿರುಗಲ್ಲ," ಎಂದಿದ್ದಳು ಅಫ್ರಿಯೆ. ಕೊನಾದು ಅವಳ ಚಿಕ್ಕಮ್ಮನ ಮಗಳು, ಅದೇ ವ್ಯಾಪಾರ. "ನಮ್ಮ ವೆಬ್‌ಸೈಟು ನೋಡಿ ಅಂತ ಎಲ್ಲರಿಗೂ ಕಳಿಸಿದೀನಿ. ಮಾರೋಳ ಎದುರಿಗೆ ಆರಿಸಬಾರದು ಅಂತ ವೋಫಾ ನನ್ನ ಬಿಟ್ಟು ಮಾತಾಡ್ಕೋತಿದಾರೆ. ಏನು ಮನಸ್ಸಲ್ಲಿದೆಯೋ."

"ಆಗುತ್ತೆ ಬಿಡು," ಎಂದ ಒಚೆರೆ. ಅವನ ಕಣ್ಣು ವರದಿಯ ಮೇಲಿತ್ತು.

ವರದಿಯಲ್ಲಿ ಒಂದು ವಿಚಿತ್ರ ಕಂಡಿತ್ತು. ನೀಲಿಯ ಮೇಲೆ ಬಿಳಿ ಚುಕ್ಕೆಯ ಒಂದು ಬಟ್ಟೆ, ಮಾರುಕಟ್ಟೆಯ ಹೆಂಗಸರು ಅದಕ್ಕೆ ಗಿನಿಕೋಳಿ ಎಂದು ಹೆಸರಿಟ್ಟಿದ್ದರು. ಮೂರು ವಾರದಲ್ಲಿ ಅದನ್ನು ಆರುನೂರು ಸಲ ನೋಡಿದ್ದಾರೆ, ಕೊಂಡವರು ಸೊನ್ನೆ. ಒಚೆರೆ ನೋಡಿದವರನ್ನು ಊರೂರಾಗಿ ಒಡೆದ. ಮಾಂಪಾಂಗಿನಲ್ಲಿ ಒಂಬತ್ತು ಜನ, ಅಕ್ರಾದಲ್ಲಿ ಆರು, ಟೆಚಿಮಾನಿನಲ್ಲಿ ನಾಲ್ಕು, ಹೀಗೆ ಹನ್ನೊಂದು ಊರಲ್ಲಿ ಚೂರು ಚೂರು. ಎಲ್ಲಕ್ಕಿಂತ ಮಿಗಿಲಾಗಿ, ಜರ್ಮನಿಯ ಹ್ಯಾಂಬರ್ಗಿನಲ್ಲಿ ಒಬ್ಬ ಪುಣ್ಯಾತ್ಮ. ದಿನಾ ಸಂಜೆ ಬರುತ್ತಾನೆ, ಗಿನಿಕೋಳಿಯನ್ನು ನಾಲ್ಕು ನಿಮಿಷ ನೋಡುತ್ತಾನೆ, ಹೋಗುತ್ತಾನೆ.

"ಪಾಪ, ಅಲ್ಲಿ ಚಳಿ," ಎಂದುಕೊಂಡ ಒಚೆರೆ. "ನಮ್ಮ ಬಟ್ಟೆ ನೋಡಿ ಮೈ ಕಾಯಿಸ್ಕೋತಾನೇನೋ." ಇವರಿಗೆಲ್ಲ 'ಕಣ್ಣಲ್ಲೇ ಉಡುವವರು' ಎಂಬ ಬಿರುದು ದಯಪಾಲಿಸಿ, ಇಡೀ ಪಂಗಡವನ್ನು ವರದಿಯಿಂದ ಎತ್ತಿ ಆಚೆ ಹಾಕಿದ. ಪುಟ ಇನ್ನೂ ಎರಡು ಸಾಲು ಚಿಕ್ಕದಾಯಿತು. ಅವನ ಎದೆ ಎರಡು ಅಂಗುಲ ದೊಡ್ಡದಾಯಿತು.

ಸೋಮವಾರ ಅಫ್ರಿಯೆ ಹುಬ್ಬು ಗಂಟಿಕ್ಕಿದಳು. "ಗಿನಿಕೋಳಿ ಐವತ್ತು ತುಂಡು ಇದೆ. ಒಂದೂ ಹೋಗಿಲ್ವಾ? ಚೆನ್ನಾಗಿದೆ ಕಣೋ ಅದು. ಹೋಗುತ್ತೆ ಅಂತ ನನ್ನ ಕೈ ಹೇಳ್ತಿದೆ."

"ಕೈ ಹೇಳೋದು ಫುಫು ವಿಷಯಕ್ಕೆ. ಬಟ್ಟೆ ವಿಷಯ ವರದಿ ಹೇಳುತ್ತೆ. ಸೊನ್ನೆ ಅಂದ್ರೆ ಸೊನ್ನೆ. ಆಂಟಿ ಪೊಕುವಾ ತಮ್ಮ ಊಟದ ಹೋಟ್ಲಿಗೆ ಮೇಜಿನ ಬಟ್ಟೆ ಹುಡುಕ್ತಿದಾರೆ. ಕೊಟ್ಟು ಜಾಗ ಖಾಲಿ ಮಾಡು."

ಅವಳು ಬಟ್ಟೆಯನ್ನು ಒಮ್ಮೆ ಸವರಿದಳು. ಆಮೇಲೆ, ಒಂದು ಪುಟದ ಮೇಲಿನ ಗೌರವದಿಂದ, ಐವತ್ತನ್ನೂ ಕೊಟ್ಟುಬಿಟ್ಟಳು.

ಭಾನುವಾರ ಬಂತು. ಧಪ್, ಕೈ, ಧಪ್, ಕೈ. ನಡುವೆ ಅಫ್ರಿಯೆಯ ಫೋನು ಹೊಡೆದುಕೊಂಡಿತು. ಕೈಯೆಲ್ಲ ಹಿಟ್ಟು, ಮೊಣಕೈಯಲ್ಲೇ ಒತ್ತಿ ಜೋರಾಗಿ ಕೇಳುವಂತೆ ಹಾಕಿದಳು.

"ಅಫ್ರಿಯೆ," ವೋಫಾ ಎನ್‌ಟಿಮ್ ಗಂಟಲು ಸರಿಮಾಡಿಕೊಂಡರು, "ಆಯ್ತಮ್ಮ. ಎಲ್ಲರೂ ನೋಡಿದ್ರು, ಎಲ್ಲರ ಮನಸ್ಸೂ ಒಂದಾಯ್ತು. ಗಿನಿಕೋಳಿ. ನಲವತ್ತೆರಡು ತುಂಡು. ಮಂಗಳವಾರ ವ್ಯಾನು ಬರುತ್ತೆ."

ಒಚೆರೆಯ ಒನಕೆ ಮೇಲೆ ಹೋದದ್ದು ಕೆಳಗೆ ಬರಲಿಲ್ಲ.

"ಕೊನಾದು ಬಂದು ಗೋಗರೆದಳು. ನಾನು ಆಗಲ್ಲ ಅಂದೆ. ಅಳಿಯಂದಿರಿಗೆ ಗ್ರೂಪಲ್ಲಿ ಮೂರು ವಾರದಿಂದ ಹೇಳ್ತಿದೀನಿ, ಅದನ್ನ ಸದ್ದಿಲ್ಲದೆ ಎತ್ತಿಡಿ, ನಿನಗೆ ಹೇಳ್ಬೇಡಿ ಅಂತ. ಅದಕ್ಕೇ ಅವರನ್ನ ಸೇರಿಸಿದ್ದು. ಏನು ಗಾಂಭೀರ್ಯ ಮಾರಾಯ್ತಿ ಅವರದ್ದು! ಒಂದು ಮಾತಿಲ್ಲ. ಎತ್ತಿಟ್ಟಿರ್ತಾರೆ ಬಿಡು."

ಫೋನು ಕಟ್ಟಾಯಿತು. ಅಫ್ರಿಯೆ ಗಂಡನ ಕಡೆ ನೋಡದೆ, ಕೈ ತೊಳೆದು, ಅವನ ಜೇಬಿನಿಂದ ಅವನ ಫೋನು ತೆಗೆದು, ಬಾಯಿ ಮುಚ್ಚಿಸಿದ್ದ ಗ್ರೂಪನ್ನು ತೆರೆದಳು. ಓದದ ಸಂದೇಶ ಸಾವಿರದ ಮುನ್ನೂರ ಹದಿನಾರು.

"ಒಚೆರೆ."

"ಹೂಂ."

"ನಮ್ಮನೇಲಿ ಹ್ಯಾಂಬರ್ಗಿಗೆ ಹೋದೋರು ಎಷ್ಟು ಜನ?"

"...ಒಬ್ಬ. ನಿಮ್ಮಣ್ಣ."

"ನಿನ್ನ ಲೆಕ್ಕದಲ್ಲಿ ಹ್ಯಾಂಬರ್ಗಲ್ಲಿ ಎಷ್ಟು ಜನ?"

ಒಚೆರೆ ಒನಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. "ಒಬ್ಬ."

"ದಿನಾ ಸಂಜೆ ನೋಡ್ತಾನಂತೆ. ಆ ಬಟ್ಟೆ ನೋಡಿದ್ರೆ ಅಮ್ಮನ ಪಕ್ಕ ಕೂತ ಹಾಗಾಗುತ್ತೆ ಅಂತ ಬರೆದಿದಾನೆ. ನೀನು ಅವನನ್ನ ಯಾವ ಪಂಗಡಕ್ಕೆ ಹಾಕ್ದೆ?"

ಅವನಿಗೀಗ ಹೊಳೆಯಿತು. ಈ ಊರಲ್ಲಿ ಬಟ್ಟೆಯನ್ನು ನಲವತ್ತು ಜೊತೆ ಕಣ್ಣು ನೋಡುತ್ತವೆ, ಕೊಡಿ ಎಂದು ಕೇಳುವುದು ಮಾತ್ರ ಒಂದೇ ಬಾಯಿ, ಅದೂ ಫೋನಿನಲ್ಲಿ. ಹುಟ್ಟಿದಾಗಿನಿಂದ ಅವನಿಗೆ ಗೊತ್ತಿದ್ದ ಸಂಗತಿ. ಆದರೂ ಒಂದು ಕುಟುಂಬವನ್ನು ಹನ್ನೊಂದು ಚೂರು ಮಾಡಿ, ಒಂದೊಂದು ಚೂರನ್ನೂ ಕೆಲಸಕ್ಕೆ ಬಾರದ್ದೆಂದು ಆಚೆ ಹಾಕಿದ್ದ.

ಅರೆಕುಟ್ಟಿದ ಫುಫು ಬಿಟ್ಟು ಹೋಟೆಲಿಗೆ ಓಡಿದ. ಆಂಟಿ ಪೊಕುವಾ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಮೂವತ್ತಾರು ಹಾಗೇ ಇದೆ, ತಗೊಂಡು ಹೋಗಪ್ಪಾ. ಹದಿನಾಲ್ಕು ಕತ್ತರಿಸಿ ಮೇಜಿಗೆ ಹಾಕಿ ಆಯ್ತು. ಜನ ಅದರ ಮೇಲೆ ಉಣ್ತಿದಾರೆ, ನೋಡು."

ನೋಡಿದ. ಉಣ್ಣುತ್ತಿದ್ದರು. ಒಚೆರೆ ಮೇಜಿಂದ ಮೇಜಿಗೆ ಹೋಗಿ, ಗಿರಾಕಿಗಳ ತಟ್ಟೆ ಎತ್ತಿ ಅವರ ಕೈಯಲ್ಲೇ ಕೊಟ್ಟು, ಕ್ಷಮೆ ಕೇಳಿ, ಬಟ್ಟೆ ಎಳೆದುಕೊಂಡ. ಕಡಿಮೆ ಬಿದ್ದದ್ದು ಆರು ಜನರದ್ದು. ಅಫ್ರಿಯೆ ಮೇಜಿನ ಬಟ್ಟೆಗಳನ್ನು ಮೂರು ಸಲ ಕುದಿಸಿ ಒಗೆದು, ಟೈಲರ್ ಮುಂದೆ ಹರಡಿ ಹೇಳಿದಳು, "ಇದರಲ್ಲಿ ಐದು ಮಕ್ಕಳ ಅಂಗಿ ಹೊಲಿರಿ. ಉಳಿದಿದ್ದರಲ್ಲಿ ಇವನದ್ದು."

ಪೂಜೆಯ ದಿನ ಬಂತು. ನಲವತ್ತೆರಡು ಗಿನಿಕೋಳಿಗಳು ಸಾಲಾಗಿ ಚರ್ಚಿನಿಂದ ನಡೆದು ಬಂದಾಗ ಬೀದಿಯೇ ನೀಲಿಯಾಯಿತು. ಕುರ್ಚಿಯಲ್ಲಿ ಕೂತಿದ್ದ ಬಿರಾಗೊ ಒಬ್ಬೊಬ್ಬರ ತೋಳನ್ನೂ ಮುಟ್ಟಿ ಅತ್ತರು. ಹ್ಯಾಂಬರ್ಗಿನ ಅಣ್ಣ ವಿಮಾನದಿಂದ ನೇರವಾಗಿ ಬಂದು ಬಟ್ಟೆ ಸುತ್ತಿಕೊಂಡು, ಅಮ್ಮನ ಪಕ್ಕ ನಾಲ್ಕು ನಿಮಿಷವಲ್ಲ, ನಾಲ್ಕು ಗಂಟೆ ಕೂತ. ಕೊನಾದು ಕೂಡ ಮುಖ ಸಿಂಡರಿಸಿಕೊಂಡು ಒಪ್ಪಿದಳು, "ಬಟ್ಟೆ ಚೆನ್ನಾಗಿದೆ." ಅಫ್ರಿಯೆಯ ತಲೆಯ ರುಮಾಲು ಆ ಮಾತಿಗೆ ಇನ್ನೂ ಅರ್ಧ ಗೇಣು ಎತ್ತರವಾಯಿತು.

ವೋಫಾ ಎನ್‌ಟಿಮ್ ಕೋಲೂರಿ ಎದ್ದರು. "ಈ ಬಟ್ಟೆಯನ್ನು ಮೂರು ವಾರ ಪ್ರಾಣದ ಹಾಗೆ ಕಾದಿಟ್ಟೋರು ನಮ್ಮ ಅಳಿಯಂದಿರು. ಏಳಿ ಅಳಿಯಂದಿರೇ! ಎಲ್ಲರಿಗೂ ಕಾಣೋ ಹಾಗೆ ಒಂದು ಸುತ್ತು ತಿರುಗಿ!"

ಚಪ್ಪಾಳೆ ಬಿತ್ತು. ಒಚೆರೆ ಎಲ್ಲವನ್ನೂ ಮರೆತ. ಎದೆಯುಬ್ಬಿಸಿ ಎದ್ದ, ಕೈ ಅಗಲಿಸಿದ, ನವಿಲಿನ ಹಾಗೆ ನಿಧಾನವಾಗಿ ತಿರುಗಿದ. ಬೆನ್ನ ನಟ್ಟನಡುವೆ, ಮೂರು ಕುದಿಗೂ ಬಗ್ಗದ, ತಾಳೆಹಣ್ಣಿನ ಸಾರಿನ ಕೆಂಪು ಕಲೆ, ಬಟ್ಟಲಿನಷ್ಟೇ ದುಂಡಗೆ.

ಆ ದಿನದ ಅಡುಗೆ ವಹಿಸಿಕೊಂಡಿದ್ದ ಆಂಟಿ ಪೊಕುವಾ ಸಂತೋಷ ತಡೆಯಲಾರದೆ ಕೂಗಿದರು, "ಅಯ್ಯೋ, ನನ್ನ ನಾಲ್ಕನೇ ಮೇಜು!"

ಕತೆ ಹೊರಬಿತ್ತು. ವೋಫಾ ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಆಮೇಲೆ ಯಜಮಾನರ ಗತ್ತಿನಲ್ಲಿ ತೀರ್ಪು ಕೊಟ್ಟರು. ವರದಿ ಒಳ್ಳೆಯದೇ, ನಮ್ಮ ಹುಡುಗಿಗೆ ವಾರಕ್ಕೆ ಆರು ಗಂಟೆ ಉಳಿದಿದೆ, ಅದು ಮುಂದುವರಿಯಲಿ. ಆದರೆ ಇನ್ನು ಮೇಲೆ ಅಳಿಯಂದಿರು ಗ್ರೂಪಿನ ಒಂದೊಂದು ಮಾತನ್ನೂ ಕೇಳಿ, ಪ್ರತಿ ಭಾನುವಾರ ಹೆಂಡತಿಗೆ ಒಪ್ಪಿಸಬೇಕು.

ಹಾಗಾಗಿ ಈಗ ಭಾನುವಾರ ಮಧ್ಯಾಹ್ನ ಆ ಮನೆಯ ಮುಂದೆ ಹಾದುಹೋದರೆ ನಿಮಗೆ ತಾಳ ಕೇಳಿಸುತ್ತದೆ. ಅಫ್ರಿಯೆ ಮಣೆಯ ಮೇಲೆ ಆರಾಮಾಗಿ ಕೂತು ಮುದ್ದೆ ತಿರುವುತ್ತಾಳೆ, ಒಚೆರೆ ಒನಕೆ ಹಾಕುತ್ತಲೇ ವಾರದ ವರ್ತಮಾನ ಒಪ್ಪಿಸುತ್ತಾನೆ. ಅವನ ಹೆಮ್ಮೆಗೇನೂ ಕುಂದಿಲ್ಲ. ಆರು ಗಂಟೆ ಉಳಿಸಿದವನು ತಾನೇ ತಾನೆ? (ಅವೇ ಆರು ಗಂಟೆ ಧ್ವನಿಮುದ್ರಣ ಕೇಳುವುದರಲ್ಲಿ ಅವನಿಗೆ ಹೋಗುತ್ತವೆ ಎಂಬುದು ಬೇರೆ ಮಾತು.) ಮೊನ್ನೆ ಒಂದು ಸಣ್ಣ ಸಲಹೆಯನ್ನೂ ಮುಂದಿಟ್ಟ.

"ಅಫ್ರಿಯೆ, ಇದನ್ನೂ ಪಂಗಡ ಮಾಡ್ಬಹುದು ನೋಡು. ಶುಭೋದಯ ಒಂದು ಕಡೆ, ಹೂವಿನ ಚಿತ್ರ ಒಂದು ಕಡೆ, ನಿಮ್ಮ ವೋಫಾ ಗಂಟಲು ಕೆರೆಯೋದು..."

ಅವಳ ಕೈ ಒರಳಿನೊಳಗೇ ನಿಂತಿತು. ಒನಕೆ ಗಾಳಿಯಲ್ಲಿ ನಿಂತಿತು.

"ಆರಿಸೋ ಹಾಗಿಲ್ಲ," ಎಂದಳು ಅಫ್ರಿಯೆ. "ಮೊದಲಿಂದ ಒಪ್ಪಿಸು."