ಗಿರಣಿ ಅಕ್ಕನ ಪುಟ್ಟ ಕಂಪ್ಯೂಟರು

ದೊಡ್ಡ ಕಂಪ್ಯೂಟರಿನಲ್ಲಿ ಆಡುವವರಿಗೆ ಬರೀ ಆಟ ಸಿಗುತ್ತದೆ. ನನ್ನ ಹಾಗೆ ಪುಟ್ಟ ಕಂಪ್ಯೂಟರಿನಲ್ಲಿ ಆಡುವವರಿಗೆ ಆಟ ಶುರುವಾಗುವ ತನಕ ಊರಿನವರ ಮಾತೂ ಪುಕ್ಕಟೆ ಸಿಗುತ್ತದೆ. ಅದಕ್ಕೇ ಇರಬೇಕು, ನಗುವಂಥ ಪ್ರಸಂಗಗಳು ನಮ್ಮ ಗಿರಣಿ ಹುಡುಕಿಕೊಂಡು ಬರುತ್ತಲೇ ಇರುತ್ತವೆ.

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ನನ್ನದು ಅಂದರೆ ನನ್ನದೇ. ಅಪ್ಪ ಕೊಟ್ಟದ್ದಲ್ಲ, ಗಂಡ ಇಟ್ಟುಕೊಟ್ಟದ್ದೂ ಅಲ್ಲ. ಹುಟ್ಟೂರು ಲೋಕಿಕೆರೆಯಲ್ಲಿ ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಓದು ನಾನೇ ಕಲಿತೆ. ಗೊಬ್ಬರದ ಚೀಲ, ಬಸ್ಸಿನ ಬೋರ್ಡು, ಮಂಡಕ್ಕಿ ಕಟ್ಟಿಕೊಟ್ಟ ಪೇಪರು, ಏನು ಸಿಕ್ಕಿದರೂ ಓದಿದೆ. ಇಂಗ್ಲಿಷ್ ಅಕ್ಷರವನ್ನೂ ಬಿಡಬಾರದು ಅಂತ ಸೆಕೆಂಡ್ ಹ್ಯಾಂಡ್ ನೆಟ್‌ಬುಕ್ ಕೊಂಡೆ. ನೆಟ್‌ಬುಕ್ ಅಂದರೆ ಲ್ಯಾಪ್‌ಟಾಪಿನ ತಂಗಿ. ಊಟದ ತಟ್ಟೆಯಷ್ಟು ಅಗಲ, ಶಕ್ತಿಯೂ ಅಷ್ಟಕ್ಕಷ್ಟೆ.

ಅದರಲ್ಲಿ ಅಕ್ಷರ ಹುಡುಕುತ್ತ ಹೋದವಳಿಗೆ ಆನ್‌ಲೈನ್ ಆಟವೊಂದು ಸಿಕ್ಕಿತು. ಆಡುವವರೆಲ್ಲ ಒಂದೊಂದು ವೇಷ ಹಾಕಬೇಕು. ಒಬ್ಬ ಕತ್ತಿ ಹಿಡಿದವನು, ಇನ್ನೊಬ್ಬ ಬಿಲ್ಲಿನವನು. ನಾನು ವೈದ್ಯೆ. ಪೆಟ್ಟು ತಿಂದವರಿಗೆ ಮಂತ್ರ ಹಾಕಿ ಎಬ್ಬಿಸುವುದು ನನ್ನ ಕೆಲಸ. ದಾವಣಗೆರೆ, ಹರಿಹರದವರೇ ಸೇರಿ ಮಾಡಿಕೊಂಡ ತಂಡ ನಮ್ಮದು. ಮೈಕಿನಲ್ಲಿ ಮಾತಾಡಿಕೊಂಡು ಆಡುತ್ತೇವೆ. ಎಷ್ಟು ಓದಿದ್ದೀರಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. "ಅಕ್ಕ ಬಂದ್ರಾ? ಶುರು ಮಾಡಾಣಾ?" ಅಂತ ಕೇಳುತ್ತಾರೆ. ನನ್ನ ಇಡೀ ಆಯುಷ್ಯದಲ್ಲಿ ನನಗೋಸ್ಕರ ಕಾದು ಕೂತ ಮಂದಿ ಇವರೇ ಮೊದಲು.

ಆದರೆ ತಂಡದ ನಾಯಕ, ಹರಿಹರದಲ್ಲಿ ಬಟ್ಟೆ ಅಂಗಡಿ ಇಟ್ಟವನು, ನನ್ನ ನೆಟ್‌ಬುಕ್ ಆಟದ ನಡುವೆ ನಿಂತುಬಿಡುತ್ತದೆ ಅಂತ ಒಂದೇ ವರಾತ ಹಚ್ಚಿದ್ದ. "ಆ ಡಬ್ಬಾ ಬಿಸಾಕ್ರಿ ಅಕ್ಕ, ಹೊಸದು ತಗಳ್ರಿ. ಇಲ್ಲಾಂದ್ರೆ ತಂಡದಾಗೆ ಜಾಗ ಬಿಡ್ರಿ." ನಾನು ಡಬ್ಬಾ ಬಿಸಾಕುವವಳೂ ಅಲ್ಲ, ಜಾಗ ಬಿಡುವವಳೂ ಅಲ್ಲ. ಕೆಳಗೆ ಬರೆದದ್ದೆಲ್ಲ ನಮ್ಮಿಬ್ಬರ ಆ ಜಗ್ಗಾಟದ ದಿನಗಳಲ್ಲಿ ನಡೆದದ್ದು.

ರಿಪೇರಿ

ಒಮ್ಮೆ ನೆಟ್‌ಬುಕ್ ಬಿಸಿಯಾಗಿ ಉಸಿರು ಬಿಡತೊಡಗಿತು. ಹರಿಹರದಲ್ಲಿ ಹಳೇ ಯಂತ್ರ ಬಿಚ್ಚುವವನೊಬ್ಬ ಇದ್ದಾನೆ ಅಂತ ಕೇಳಿ, ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಿಚ್ಚಿ, ಮೇಜಿನ ಮೇಲೆ ತಟ್ಟಿದ. ಬೆಳ್ಳಗೆ ಒಂದು ಗುಡ್ಡೆ ಬಿತ್ತು.

"ಏನ್ರೀ ಇದು? ಒಳಗೆ ಒಂದ್ ರೊಟ್ಟಿಗಾಗೋ ಅಷ್ಟು ಹಿಟ್ಟು ಐತಲ್ರೀ!"

ನಾನು ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡಿದೆ. "ಜೋಳದ್ದು. ನುಣ್ಣಗೆ ಬಿದ್ದೈತೆ."

ಆತ ಕನ್ನಡಕ ತೆಗೆದಿಟ್ಟ. "ಇದ್ರಾಗೆ ಏನು ಮಾಡ್ತೀರಿ? ಅಕೌಂಟ್ ಬರೀತೀರಾ?"

"ಇಲ್ಲ. ಯುದ್ಧ ಮಾಡ್ತೀನಿ." ಆಟದ ಹೆಸರು ಹೇಳಿದೆ.

ಆತ ಅಂಗಡಿಯಲ್ಲಿದ್ದವರನ್ನೆಲ್ಲ ಕರೆದು ತೋರಿಸಿ ನಕ್ಕ. "ಅಕ್ಕಾರೆ, ಹೊಸ ಲ್ಯಾಪ್‌ಟಾಪೇ ಆ ಆಟಕ್ಕೆ ಬೆವರ್ತವೆ. ಇದ್ರಾಗೆ ಅದು ಓಡಲ್ಲ, ಬರೆದು ಕೊಡ್ತೀನಿ."

"ಓಡೋದು ಬ್ಯಾಡ ತಮ್ಮಾ," ಅಂದೆ. "ನಡೆದ್ರೆ ಸಾಕು. ಕೂಡ್ಸು ಅದನ್ನ."

ವೇಷಕ್ಕೆ ಬಹುಮಾನ

ಪುಟ್ಟ ಯಂತ್ರ ಉಸಿರಾಡಬೇಕಾದರೆ ಆಟದ ಅಲಂಕಾರವನ್ನೆಲ್ಲ ಕಡಿಮೆ ಮಾಡಬೇಕು. ನಾನು ಪೂರ್ತಿ ಕಡಿಮೆ ಮಾಡಿದ್ದೆ. ನನ್ನ ಪರದೆಯಲ್ಲಿ ಮರಕ್ಕೆ ಎಲೆ ಇಲ್ಲ, ಹೊಳೆಗೆ ನೀರಿಲ್ಲ, ಮನುಷ್ಯರಿಗೆ ಮುಖವಿಲ್ಲ. ರಾಜನೂ ಬೂದು ಚೀಲ, ರಾಕ್ಷಸನೂ ಬೂದು ಚೀಲ. ತಲೆ ಮೇಲೆ ಹೆಸರಿನ ಪಟ್ಟಿ ಇರುವುದರಿಂದ ಯಾರು ಯಾರೆಂದು ತಿಳಿಯುತ್ತದೆ. ನನಗೇನೂ ಬೇಸರವಿಲ್ಲ, ಬದುಕಿಡೀ ಚೀಲದ ಮೇಲಿನ ಹೆಸರು ಓದಿಕೊಂಡೇ ಬಂದವಳು.

ಹಬ್ಬಕ್ಕೆಂದು ತಂಡದಲ್ಲಿ ವೇಷದ ಸ್ಪರ್ಧೆ ಇಟ್ಟರು. ಎಲ್ಲರಿಗಿಂತ ಹಿರಿಯಳು ಅಂತ ನನ್ನನ್ನೇ ತೀರ್ಪುಗಾರ್ತಿ ಮಾಡಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾತ ಚಿನ್ನದ ಕವಚ ಕೊಂಡಿದ್ದ. ಇನ್ನೊಬ್ಬಳಿಗೆ ನವಿಲುಗರಿಯ ರೆಕ್ಕೆ ಇತ್ತಂತೆ. ಎಲ್ಲರೂ ಸಾಲಾಗಿ ನಿಂತರು. ನಾನು ನೋಡಿದೆ. ಚೀಲ, ಚೀಲ, ಚೀಲ.

ಕಾಣುತ್ತಿಲ್ಲ ಅಂದರೆ ನಾಯಕನಿಗೆ ಮತ್ತೊಂದು ಆಯುಧ ಕೊಟ್ಟ ಹಾಗೆ. ಗಂಭೀರವಾಗಿ ಎರಡು ಸುತ್ತು ಹಾಕಿ ಕೊನೆಯ ಚೀಲದ ಮುಂದೆ ನಿಂತೆ. "ಬಹುಮಾನ ಈತನಿಗೆ."

ಮೈಕಿನಲ್ಲಿ ನಾಯಕ ಮೆಲ್ಲಗೆ ಹೇಳಿದ. "ಅಕ್ಕ, ಆತ ಕವಚ ರಿಪೇರಿಗೆ ಕೊಟ್ಟು ಬರೇ ಚಡ್ಡಿಯಾಗೆ ನಿಂತಾನೆ."

"ಅದಕ್ಕೇ ಕೊಟ್ಟೆ," ಅಂದೆ. "ಮೈಮ್ಯಾಲೆ ಏನೂ ಇಲ್ದೆ ಇಷ್ಟು ಮಂದಿ ಮುಂದೆ ನಿಂತಾನಲ್ಲ, ಅದು ಧೈರ್ಯ. ನಿಮ್ಮದೆಲ್ಲ ಬರೇ ಬಟ್ಟೆ."

ಬಟ್ಟೆ ಅಂಗಡಿಯವನು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಮಂಡಿ ನೋವು

ಆಟ, ಗಿರಣಿ ಎರಡೂ ಒಟ್ಟಿಗೆ ನಡೆಸುವುದು ನನಗೆ ರೂಢಿ. ಒಂದು ಕಿವಿಗೆ ತಂಡ, ಇನ್ನೊಂದು ಕಿವಿಗೆ ಗಿರಾಕಿ. ಬಾಯಿ ಮಾತ್ರ ಒಂದೇ ಇರುವುದು ತೊಂದರೆ.

ಹದಡಿಯಿಂದ ಮಗಳ ಮನೆಗೆ ಬಂದಿದ್ದ ಹೆಂಗಸೊಬ್ಬಳು ಗೋಧಿ ಡಬ್ಬಿ ಇಟ್ಟು ನಿಂತಿದ್ದಳು. ಅತ್ತ ಆಟದಲ್ಲಿ ನಮ್ಮವರು ಶತ್ರುವಿನ ಸರದಾರನನ್ನು ಹಿಡಿದಿದ್ದರು. ನಾಯಕ ಕೇಳಿದ, "ಅಕ್ಕ, ಇವನ್ನ ಏನ್ ಮಾಡಾಣ?" ಅದೇ ಹೊತ್ತಿಗೆ ಈ ಹೆಂಗಸು, "ಯವ್ವಾ, ಗೋಧಿ ಹೆಂಗೆ ಬೀಸ್ತಿ?" ಅಂದಳು.

"ನುಣ್ಣಗೆ ಬೀಸಿ, ಜರಡಿ ಹಿಡಿದು ಡಬ್ಬಿಗೆ ತುಂಬ್ತೀನಿ," ಅಂದೆ.

ನಾಯಕ ಬೆಚ್ಚಿಬಿದ್ದ. ಸರದಾರ ತಪ್ಪಿಸಿಕೊಂಡ. ನನಗೆ ಸಿಟ್ಟು ಬಂತು. "ಬಿಡಬ್ಯಾಡ್ರಿ, ಹೊಡೀರಿ! ನೀವು ಸತ್ರೂ ಚಿಂತಿ ಇಲ್ಲ, ನಾನು ಎಬ್ಬಿಸ್ತೀನಿ! ನಿನ್ನೆ ನಾಕು ಜನ ಸತ್ತೋರ್ನ ಎಬ್ಬಿಸಿಲ್ಲೇನು?" ತಿರುಗಿ ನೋಡಿದರೆ ಹೆಂಗಸು ಇರಲಿಲ್ಲ. ಗೋಧಿ ಡಬ್ಬಿ ಇತ್ತು.

ಮರುದಿನ ಆಕೆ ಡಬ್ಬಿ ಒಯ್ಯಲು ಒಬ್ಬಳೇ ಬರಲಿಲ್ಲ. ಕೋಲೂರಿಕೊಂಡು ಒಂದು ಅಜ್ಜಿ ಜೊತೆಗೆ ಬಂದಿತ್ತು. ಮೋಟರಿನ ಪಕ್ಕ ಕೂತು ಸೀರೆ ಮಂಡಿ ತನಕ ಸರಿಸಿತು.

"ಏನಜ್ಜಿ?"

"ಸತ್ತೋರ್ನ ಎಬ್ಬಿಸ್ತೀಯಂತಲ್ಲ ಯವ್ವಾ, ನನ್ನದು ಬರೇ ಮಂಡಿ ನೋವು. ಕೈಯಾಗಿನ ಕೆಲಸ ಮುಗಿಸ್ಕ್ಯಾ, ನನಗೇನೂ ಅವಸರ ಇಲ್ಲ."

ನಾಯಕ ಬಂದದ್ದು

ಕೋಟೆ ಕಾಳಗದ ವಾರ ಬಂತು. ಆ ಕಾಳಗದಲ್ಲಿ ಒಂದು ತಂಡ ಕೋಟೆ ಕಾಯಬೇಕು, ಇನ್ನೊಂದು ನುಗ್ಗಬೇಕು. ಗಂಟೆ ಬಾರಿಸುವ ತನಕ ಕೋಟೆ ಉಳಿದರೆ ಕಾದವರು ಗೆದ್ದ ಹಾಗೆ. ನನ್ನನ್ನು ಸೇರಿಸಬೇಕೋ ಬೇಡವೋ ಅಂತ ತೀರ್ಮಾನಿಸಲು ನಾಯಕ ಹರಿಹರದಿಂದ ಸ್ವತಃ ಗಿರಣಿಗೆ ಬಂದ. ಅಲ್ಲಿಯವರೆಗೆ ಅವನನ್ನು ನಾನು ಕಂಡದ್ದು ಬೂದು ಚೀಲವಾಗಿ. ಎದುರಿಗೆ ನೋಡಿದರೆ ಮುಖ ಮೂಗು ಎಲ್ಲ ಇತ್ತು, ಚೆನ್ನಾಗೇ ಇದ್ದ.

ನೆಟ್‌ಬುಕ್ಕನ್ನು ಬೋರಲು ಹಾಕಿದ ಅಳತೆ ಸೇರಿನ ಮೇಲಿಟ್ಟು, ಪಕ್ಕದಲ್ಲಿ ಟೇಬಲ್ ಫ್ಯಾನ್ ತಿರುಗಿಸಿದ್ದೆ. ಆತ ಅದನ್ನು ಜ್ವರ ಬಂದ ಕೂಸನ್ನು ನೋಡುವಂತೆ ನೋಡಿದ.

"ಹೊಸದು ತಗಳ್ಳಾಕೆ ಏನು ಕಷ್ಟ ಅಕ್ಕ? ಗಿರಣಿ ಚೆನ್ನಾಗೇ ನಡೀತೈತಲ್ಲ."

"ಕಷ್ಟ ಏನೂ ಇಲ್ಲ. ನಾನು ಎ, ಬಿ, ಸಿ ಕಲ್ತಿದ್ದು ಇದರ ಮ್ಯಾಲೆ. ಯಾರೂ ಬಡೀಲಿಲ್ಲ, ನಗಲಿಲ್ಲ, ನಿಂಗ್ಯಾಕ ಓದು ಅನ್ಲಿಲ್ಲ. ನೀನು ಹೇಳಿದಿ ಅಂತ ಇದನ್ನ ಹೆಂಗೆ ಬಿಸಾಕಲಿ?"

ಆತ ಪರದೆ ಕಡೆ ಬಗ್ಗಿದ. "ಏನೂ ಕಾಣ್ತಿಲ್ಲ. ಆನ್ ಆಗೈತಾ?"

"ಆಗ್ತಾ ಐತೆ."

"ಯಾವಾಗಿಂದ?"

"ನೀನು ಹರಿಹರದಾಗೆ ಬಸ್ ಹತ್ತಿದಾಗಿಂದ."

ಆತ ಮಜ್ಜಿಗೆ ಕುಡಿದು ಎದ್ದ. "ಭಾನುವಾರ ಒಂದ್ಸಲ ಬರ್ರಿ ಅಕ್ಕ. ನಿಮ್ಮಿಂದ ಕೋಟೆ ಹೋತು ಅಂದ್ರೆ ಅದೇ ಕೊನೆ. ಮತ್ತೆ ಹಟ ಮಾಡಂಗಿಲ್ಲ."

ಕೋಟೆ ಬಾಗಿಲು

ಭಾನುವಾರ ಮಧ್ಯಾಹ್ನ ಗಿರಣಿಗೆ ಅರ್ಧ ಬಾಗಿಲು ಎಳೆದು ಕೂತೆ. ಕೋಟೆಗೆ ಇದ್ದದ್ದು ಒಂದೇ ಕಿರುಬಾಗಿಲು, ಒಬ್ಬರೇ ಹಿಡಿಸುವಷ್ಟು. ಎದುರು ತಂಡ ಬೇರೆ ಜಿಲ್ಲೆಯದು, ಭಾರೀ ಜೋರಿನವರು. ನಮ್ಮ ಕತ್ತಿಯವರು ಒಬ್ಬೊಬ್ಬರಾಗಿ ಉರುಳತೊಡಗಿದರು. ನಾನು ಎಬ್ಬಿಸಲು ಬಾಗಿಲ ತನಕ ಓಡಿದೆ. ಸರಿಯಾಗಿ ಹೊಸ್ತಿಲ ಮೇಲೆ ನಿಂತಾಗ ಪರದೆ ಸ್ತಬ್ಧವಾಯಿತು.

ಸಿಟ್ಟಿಗೆ ಮಂತ್ರದ ಬಟನ್ ಕುಟ್ಟಿದೆ. ಖಾರ ಕುಟ್ಟಿದ ಹಾಗೆ ಕುಟ್ಟಿದೆ. ಏನೂ ಆಗಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ನಾಯಕ ಕೂಗಿದ. "ಆಗಲ್ಲ! ಎಲ್ರೂ ಹಿಂದಕ್ಕೆ ಬರ್ರಿ! ಒಳಗೆ ಓಡ್ರಿ!" ನಾನೂ ಹಿಂದಕ್ಕೆ ಹೋಗುವ ಬಟನ್ ಒತ್ತಿ ಹಿಡಿದೆ. ಚಿತ್ರ ಅಲುಗಲಿಲ್ಲ. ನನ್ನ ಜಾಗ ಹೋಯಿತು ಅಂದುಕೊಂಡೆ. ಆದರೂ ಬಟನ್ ಬಿಡಲಿಲ್ಲ.

ಆಗ ಮೈಕಿನಲ್ಲಿ ಒಬ್ಬ, "ಲೇ, ಅಕ್ಕನ್ನ ನೋಡ್ರೋ!" ಅಂದ.

ಆಮೇಲೆ ತಿಳಿದದ್ದು ಇಷ್ಟು. ಗಿರಣಿ ಮುಂದೆ ಡಬ್ಬಿಗಳನ್ನು ಸಾಲಿಗಿಟ್ಟ ಹಾಗೆ, ನಾನು ಒತ್ತಿದ್ದೆಲ್ಲ ನೆಟ್‌ಬುಕ್ಕಿನೊಳಗೆ ಸಾಲಾಗಿ ನಿಂತಿತ್ತು. ಮೊದಲು ಒತ್ತಿದ ಮಂತ್ರಗಳು ಒಂದಾದ ಮೇಲೊಂದು ಹೊರಗೆ ಹೋಗುತ್ತಿದ್ದವು. ಉಳಿದವರ ಪರದೆಯಲ್ಲಿ ಕಂಡದ್ದೇ ಬೇರೆ. ಇಡೀ ತಂಡ ಓಡಿಹೋದ ಮೇಲೂ ವೈದ್ಯೆಯೊಬ್ಬಳು ಕಿರುಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಎದುರಿನವರು ಹೊಡೆಯುತ್ತಾರೆ, ಪಕ್ಕದಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಆಕೆ ತನಗೆ ತಾನೇ ಮಂತ್ರ ಹಾಕಿಕೊಳ್ಳುತ್ತಾಳೆ. ಮತ್ತೆ ಹೊಡೆಯುತ್ತಾರೆ, ಮತ್ತೆ ಹಾಕಿಕೊಳ್ಳುತ್ತಾಳೆ. ಆಕೆಯನ್ನು ದಾಟಿ ಒಬ್ಬನೂ ಒಳಗೆ ಬರುವ ಹಾಗಿಲ್ಲ.

ಗಂಟೆ ಬಾರಿಸಿತು. ಕೋಟೆ ನಮ್ಮದಾಗಿಯೇ ಉಳಿಯಿತು.

ಮೈಕಿನಲ್ಲಿ ಜಾತ್ರೆ. ಎದುರು ತಂಡದವರು ಕೂಡ ಕೇಳಿದರಂತೆ, "ಯಾರದು ಬಾಗಿಲಾಗೆ? ಇಷ್ಟು ಹೊಡೆದ್ರೂ ಮಿಸುಕಲಿಲ್ಲ!" ನಮ್ಮವನೊಬ್ಬ, "ನಮ್ಮ ಗಿರಣಿ ಅಕ್ಕ, ಆಕಿ ಹಂಗೇ," ಅಂದನಂತೆ. ನಾಯಕ ಎಲ್ಲರನ್ನೂ ಸುಮ್ಮನಿರಿಸಿದ.

"ಅಕ್ಕ, ಎಲ್ರ ಮುಂದೆ ಹೇಳ್ತೀನಿ. ನಿಮ್ಮ ಜಾಗ ನಿಮ್ಮದೇ. ಇನ್ಮ್ಯಾಲೆ ಆ ಡಬ್ಬಾದ ಸುದ್ದಿ ನಾನು ಎತ್ತಲ್ಲ. ಆದ್ರೆ ಒಂದು ಹೇಳ್ರಿ, ಹಿಂದಕ್ಕೆ ಬರ್ರಿ ಅಂತ ಅಷ್ಟು ಬಡ್ಕಂಡೆ. ನೀವ್ಯಾಕ ಬರ್ಲಿಲ್ಲ?"

ಅಷ್ಟು ಹೊತ್ತಿಗೆ ನನ್ನ ಪರದೆಗೆ ಜೀವ ಬಂತು, ಸಾಲಿನ ಕೊನೆಯ ಡಬ್ಬಿಯ ಪಾಳಿ ಬಂದಿರಬೇಕು. ಗೆದ್ದ ಕೋಟೆಯಲ್ಲಿ ಎಲ್ಲರೂ ಕುಣಿಯುತ್ತಿರುವಾಗ ನನ್ನ ವೈದ್ಯೆ ಮೆಲ್ಲಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡತೊಡಗಿದಳು.

"ಬರ್ಲಿಲ್ಲ ಅಂತ ಯಾರು ಹೇಳಿದ್ರು?" ಅಂದೆ. "ಬರ್ತಾ ಇದೀನಿ, ನೋಡ್ರಿ!"