ಅತಿ ಹೆಚ್ಚು ಓದಿದ ಗೊಬ್ಬರದ ಪುಸ್ತಕ

ಗುಟ್ಟು ಕಾಪಾಡುವ ವಿದ್ಯೆಯಲ್ಲಿ ಮುಂಬಯಿ ಮಹಾನಗರದಲ್ಲೇ ನನ್ನನ್ನು ಮೀರಿಸುವವರಿಲ್ಲ ಎಂದು ಎಪ್ಪತ್ತರ ದಶಕದ ಬಹುಪಾಲು ನಾನು ನಂಬಿಕೊಂಡಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಆಂಟಾಪ್ ಹಿಲ್ಲಿನ ಒಂದೂವರೆ ಕೋಣೆಯ ಮನೆಯಲ್ಲಿ ನಾನೂ ವಸಂತನೂ ಒಂಬತ್ತು ವರ್ಷದಿಂದ ಸಂಸಾರ ಹೂಡಿದ್ದೆವು. ನಾನು ಮೈಸೂರಿನವನು, ಅವನು ಧಾರವಾಡದವನು. ಬಿಲ್ಡಿಂಗಿನವರಿಗೆಲ್ಲ ಅವನು ನನ್ನ ಸೋದರತ್ತೆಯ ಮಗ. ಒಂದು ಕೋಣೆಯಲ್ಲಿ ಹನ್ನೊಂದು ಜನ ಮಲಗುವ ಊರು ಅದು. ಅಲ್ಲಿ ಇಬ್ಬರು ಗಂಡಸರು ಒಟ್ಟಿಗಿದ್ದರೆ ಜನ ಕೇಳುವುದು ಒಂದೇ ಪ್ರಶ್ನೆ: ಇನ್ನೊಬ್ಬರಿಗೆ ಜಾಗ ಇದೆಯೇ?

ನಮ್ಮಂಥವರು ಇನ್ನೂ ಆರು ಜನರಿದ್ದರು. ಕುರ್ಲಾದಿಂದ, ಮುಲುಂಡಿನಿಂದ ಲೋಕಲ್ ಹಿಡಿದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಿದ್ದರು. ವಾರವಿಡೀ 'ಮದುವೆ ಯಾವಾಗ' ಎಂದು ಕೇಳಿಸಿಕೊಂಡು ಬಳಲಿದ ಕಿವಿಗಳಿಗೆ ಅದೊಂದು ಆರೋಗ್ಯಧಾಮ. ಚಹಾ, ಹರಟೆ, ಒಬ್ಬರ ತಲೆಗೆ ಒಬ್ಬರು ಎಣ್ಣೆ ತಿಕ್ಕುವುದು, ನಡುವೆ ಯಾರಾದರೂ ಅತ್ತರೆ ಇನ್ನೊಂದು ಚಹಾ.

ಕೊರತೆ ಒಂದೇ. ಓದಲು ನಮ್ಮ ಕಥೆಗಳಿರಲಿಲ್ಲ. ಕಾದಂಬರಿಯಲ್ಲಿ ನಾಯಕ ನಾಯಕಿಯ ಹಿಂದೆ ಹೋದನೆಂದರೆ ನಾವು ಅಲ್ಲೇ ಉಳಿದುಬಿಡುತ್ತಿದ್ದೆವು. ಆದ್ದರಿಂದ ನಾನೇ ಬರೆದೆ. ನೂರಾನಲವತ್ತು ಪುಟ, ಸ್ವಹಸ್ತಾಕ್ಷರದಲ್ಲಿ. ಹೊಲಿದು, ರಟ್ಟು ಹಾಕಿದೆ.

ಆದರೆ ಆ ಆರು ಜನರ ಮನೆಯಲ್ಲೂ ತಾಯಿ, ಅತ್ತಿಗೆ, ದಿಂಬಿನ ಕೆಳಗೆ ಕೈಹಾಕುವ ತಮ್ಮಂದಿರು. ಪುಸ್ತಕ ಒಯ್ಯುವುದು ಹೇಗೆ? ಆಗ ನನ್ನ ಬುದ್ಧಿ ಮಿಂಚಿತು. ನಾನು ನಮ್ಮ ಕನ್ನಡ ಸಂಘದ ಗೌರವ ಗ್ರಂಥಪಾಲಕ. ಸಂಘದಲ್ಲಿ ಎಲ್ಲ ಪುಸ್ತಕಕ್ಕೂ ಖಾಕಿ ಕಾಗದದ ಹೊದಿಕೆ, ಬೆನ್ನ ಮೇಲೆ ಒಂದು ನಂಬರು. ಹೊರಗಿನಿಂದ ಪುರಾಣವೂ ಪತ್ತೇದಾರಿಯೂ ಒಂದೇ ತರಹ. ನನ್ನ ಪುಸ್ತಕಕ್ಕೂ ಖಾಕಿ ಹೊದಿಸಿ, ಕೃಷಿಯ ಕಪಾಟಿನಲ್ಲಿ ಇಟ್ಟು, ರಿಜಿಸ್ಟರಿನಲ್ಲಿ 'ಕಾಂಪೋಸ್ಟ್ ಗೊಬ್ಬರ' ಎಂದು ನಮೂದಿಸಿದೆ. ಸಮುದ್ರದ ದಂಡೆಯ ಈ ಊರಿನಲ್ಲಿ ಗೊಬ್ಬರ ಯಾರಿಗೆ ಬೇಕು? ನಂಬರು 377. ನಮ್ಮಂಥವರನ್ನು ಜೈಲಿಗೆ ಕಳಿಸಲು ಸರ್ಕಾರ ಇಟ್ಟುಕೊಂಡಿದ್ದ ಕಲಮಿನ ಸಂಖ್ಯೆಯೂ ಅದೇ. ಈ ಚಾತುರ್ಯಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎರಡು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಮೂರನೆಯ ವರ್ಷ, ಜೂನ್ ತಿಂಗಳ ಮೊದಲ ಮಳೆಯ ದಿನ, ಸಂಘದ ಕಾರ್ಯದರ್ಶಿ ಸುಬ್ಬರಾಯರು ರಿಜಿಸ್ಟರ್ ತೆರೆದು ಕೂತರು.

"ಏನ್ರೀ ಇದು? ಕಾದಂಬರಿಗಳೆಲ್ಲ ಧೂಳು ತಿಂತಿವೆ. ಗೊಬ್ಬರ ಒಂದೇ ಇಷ್ಟು ಸಲ ಹೋಗಿದೆಯಲ್ಲ?"

"ಜನರಿಗೆ ಮಣ್ಣಿನ ಸೆಳೆತ, ರಾಯರೇ."

ಇದು ನನ್ನ ಮೊದಲ ತಪ್ಪು. ರಾಯರ ಕಣ್ಣು ಒದ್ದೆಯಾಯಿತು. "ನೋಡಿದ್ರಾ? ನಾಲ್ಕನೇ ಮಾಳಿಗೇಲಿ ಇದ್ರೂ ನಮ್ಮ ಜನ ಮಣ್ಣು ಮರೆತಿಲ್ಲ. ಈ ಸಲ ವಾರ್ಷಿಕೋತ್ಸವದಲ್ಲಿ ಅದರದೇ ಸಾರ್ವಜನಿಕ ವಾಚನ. ಕೃಷಿ ಅಧಿಕಾರಿಯೊಬ್ಬರು ನಂಗೆ ಪರಿಚಯ, ಅವರನ್ನ ಕರೀತೀನಿ."

"ಪುಸ್ತಕ ಹರಿದಿದೆ, ರಾಯರೇ."

"ಹರಿದಿದ್ಯಾ? ಕೊಡಿ, ಇವತ್ತೇ ಬೈಂಡಿಂಗ್ ಮಾಡಿಸ್ತೀನಿ."

"ಬೇಡ ಬೇಡ. ನಾನೇ ಸರಿಮಾಡಿ, ನಾನೇ ಓದ್ತೀನಿ."

ಇದು ಎರಡನೆಯದು.

ಮನೆಗೆ ಬಂದು ಹೇಳಿದಾಗ ವಸಂತ ಒಗೆದ ಬಟ್ಟೆಗಳನ್ನು ಫ್ಯಾನಿನ ಕೆಳಗೆ ಹರಡುತ್ತಿದ್ದ.

"ಒಳ್ಳೇದಾತು," ಎಂದ. "ಮೊದಲು ನಿನ್ನ ನೌಕರಿ ಹೋಗ್ತದ. ಆಮ್ಯಾಲೆ ನಂದು, ಆಮ್ಯಾಲೆ ಮನಿ. ಆ ಆರು ಮಂದೀದು ಏನ್ ಗತಿ? ರಿಜಿಸ್ಟರ್‌ನಾಗ ಎಲ್ಲಾರ ಹೆಸರೂ ಸಹಿ ಸಮೇತ ಅದಾವಲ್ಲೋ, ಶಾಣ್ಯಾ."

ಅದು ನನಗೆ ಹೊಳೆದೇ ಇರಲಿಲ್ಲ. ಪೊಲೀಸರಿಗೆ ಬೇಕಾಗಬಹುದಾದ ಪಟ್ಟಿಯನ್ನು ಎರಡು ವರ್ಷ ಮುದ್ದಾದ ಅಕ್ಷರದಲ್ಲಿ ನಾನೇ ತಯಾರಿಸಿದ್ದೆ.

ಉಪಾಯವನ್ನು ವಸಂತನೇ ಹೇಳಿದ: ನಿಜವಾದ ಗೊಬ್ಬರದ ಪುಸ್ತಕ ಕೊಂಡು ಅದಲುಬದಲು ಮಾಡು. ಮಳೆಯಲ್ಲಿ ತೊಯ್ಯುತ್ತ ಫುಟ್‌ಪಾತಿನ ಅಂಗಡಿಗಳನ್ನೆಲ್ಲ ಜಾಲಾಡಿ ಮರಾಠಿಯದೊಂದನ್ನು ಹಿಡಿದುತಂದೆ. ಓದುತ್ತಲೇ ಕನ್ನಡಕ್ಕೆ ತಂದರಾಯಿತು. ಅದಕ್ಕೂ ಖಾಕಿ ಹೊದಿಸಿದೆ, ಅದರ ಬೆನ್ನಿಗೂ 377 ಬರೆದೆ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಅವಳಿಜವಳಿಯಂತಿವೆಯೆಂದು ಮೆಚ್ಚಿಕೊಂಡೆ. ಮುಂದೇನಾಯಿತೆಂದು ಬುದ್ಧಿವಂತರಿಗೆ ಬಿಡಿಸಿ ಹೇಳಬೇಕಿಲ್ಲ. ನನಗೆ ಮಾತ್ರ ವೇದಿಕೆ ಹತ್ತುವವರೆಗೂ ಹೊಳೆಯಲಿಲ್ಲ.

ಸಭಾಂಗಣ ತುಂಬಿತ್ತು; ಕೊನೆಯಲ್ಲಿ ವಡೆ ಸಾಂಬಾರ್ ಇತ್ತು. ಸುಬ್ಬರಾಯರು ರಿಜಿಸ್ಟರ್ ನೋಡಿ ನಮ್ಮ ಆರೂ ಜನರನ್ನು 'ಆದರ್ಶ ಓದುಗರು' ಎಂದು ಮುಂದಿನ ಸಾಲಿನಲ್ಲಿ ಕೂರಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ತುಳಸಿಯ ಕುಂಡ ಕೊಟ್ಟಿದ್ದರು. ಬಲಿಗೆ ಸಿಂಗರಿಸಿದ ಆಡುಗಳಂತೆ ಅವರು ಕುಂಡ ತಬ್ಬಿಕೊಂಡು ಕೂತಿದ್ದರು. ಅವರ ಪಕ್ಕದಲ್ಲೇ ಕಾಶಕ್ಕ. ಬಾಗಲಕೋಟೆ ಕಡೆಯ ಹಿರಿಯಾಕೆ, ನಮ್ಮ ಮನೆಯ ಸರಿಯಾಗಿ ಕೆಳಗಿನ ಮನೆಯವಳು. ಗೊಬ್ಬರ ಎಂದು ಕೇಳಿ ಊರಿನ ಹಂಬಲದಿಂದ ಬಂದಿದ್ದಳು.

ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು ಪುಸ್ತಕ ತೆರೆದೆ. ಎದುರಿಗೆ ನನ್ನದೇ ಅಕ್ಷರ: 'ವಿ.ಟಿ. ಸ್ಟೇಷನ್ನಿನ ಗಡಿಯಾರದ ಕೆಳಗೆ ಅವನು ನನ್ನ ಕೈ ಹಿಡಿದ.'

ಗಂಟಲು ಮತ್ತೆ ಸರಿಮಾಡಿಕೊಂಡೆ.

"ಗೊಬ್ಬರ," ಎಂದೆ. "ಗೊಬ್ಬರವು... ಬಹಳ ಮುಖ್ಯ."

ಕೃಷಿ ಅಧಿಕಾರಿಗಳು ಮುಂದೆ ಬಾಗಿದರು. "ಗುಂಡಿಗೆ ಮೊದಲು ಏನು ಹಾಕಬೇಕೂಂತ ಬರೆದಿದೆ?"

"ಸಿಮೆಂಟು," ಎಂದೆ.

ಮುಂದಿನ ಸಾಲಿನಲ್ಲಿ ಒಂದು ಕುಂಡ ಕೆಳಗೆ ಬಿದ್ದು ಒಡೆಯಿತು. ಅಷ್ಟರಲ್ಲಿ ಕಾಶಕ್ಕ ಸೆರಗು ಬಿಗಿದುಕೊಂಡು ವೇದಿಕೆಗೆ ಬಂದಳು. "ತಾ ಇಲ್ಲೆ. ಮೈಸೂರಾಗ ಬೆಳದಾವಗ ತಿಪ್ಪಿ ಅಂದ್ರ ಏನ್ ಗೊತ್ತು?" ಎನ್ನುತ್ತ ನನ್ನ ಕೈಯಲ್ಲಿದ್ದ ಪುಸ್ತಕ ಹಿಡಿದೆಳೆದಳು. ನಾನು ಬಿಡಲಿಲ್ಲ. ಆದರೆ ಅವಳು ರೊಟ್ಟಿ ಬಡಿದ ಕೈಯವಳು, ಕಿತ್ತುಕೊಂಡೇಬಿಟ್ಟಳು.

ಕನ್ನಡಕ ಏರಿಸಿ ಪುಟ ನೋಡಿದಳು. ನನ್ನನ್ನು ನೋಡಿದಳು. ಮೂರನೇ ಸಾಲಿನಲ್ಲಿ ಕೂತ ವಸಂತನನ್ನು ನೋಡಿದಳು. ಅವನು ಬಾಗಿಲು ಎಷ್ಟು ದೂರವಿದೆಯೆಂದು ಅಳೆಯುತ್ತಿದ್ದ.

"ಮೊದಲ ಆಳೆತ್ತರದ ಕುಣಿ ತಗೀಬೇಕು," ಎಂದು ಕಾಶಕ್ಕ ಗಟ್ಟಿಯಾಗಿ ಓದತೊಡಗಿದಳು. "ಅದಕ್ಕ ಒಣಗಿದ ಜ್ವಾಳದ ಕಣಕಿ ಹಾಸಬೇಕು. ಮ್ಯಾಲೆ ಸಗಣಿ. ಮ್ಯಾಲೆ ಒಲಿ ಬೂದಿ."

ಆ ಪುಟದಲ್ಲಿ ಕಣಕಿಯೂ ಇರಲಿಲ್ಲ, ಸಗಣಿಯೂ ಇರಲಿಲ್ಲ. ಅಲ್ಲಿದ್ದದ್ದು ಚೌಪಾಟಿಯ ಮರಳಿನಲ್ಲಿ ಇಬ್ಬರು ಗಂಡಸರು. ಅವಳು ನಿರರ್ಗಳವಾಗಿ ಗೊಬ್ಬರ ಹೇಳುತ್ತ, ಬೆರಳಿಗೆ ಉಗುಳು ಹಚ್ಚಿ ಪುಟ ತಿರುಗಿಸುತ್ತ ಹೋದಳು. ಒಂದು ಕಡೆ ಮಾತು ನಿಂತಿತು.

"ಮುಂದೆ, ತಾಯಿ?" ಎಂದರು ಅಧಿಕಾರಿಗಳು.

"ತಡೀರಿ. ಇಲ್ಲೆ ಚೂರು ಮಹತ್ವದ್ದೈತಿ."

ಇಡೀ ಪುಟ ಮನಸ್ಸಿನಲ್ಲೇ ಓದಿ, ಮೂಗು ಒರೆಸಿಕೊಂಡಳು. "ಅವಸರ ಮಾಡಬಾರದ್ರಿ. ಮುಚ್ಚಿಟ್ಟು ಕಾಯಬೇಕು. ಒಳಗ ಕಾವು ಇರ್ತೈತಿ," ಎಂದು ಮುಗಿಸಿದಳು. ಚಪ್ಪಾಳೆ. ಇಷ್ಟು ವೈಜ್ಞಾನಿಕವಾದ ಕನ್ನಡ ಪುಸ್ತಕವನ್ನು ತಾವು ಕೇಳಿಯೇ ಇರಲಿಲ್ಲ ಎಂದರು ಅಧಿಕಾರಿಗಳು.

ಇಳಿಯುವಾಗ ಕಾಶಕ್ಕ ಅಂದಳು: "ನನ್ನ ಹೆಸರಿಗೆ ಬರಕೋ. ಮನಿಗೆ ಒಯ್ತೀನಿ."

ಆ ವಾರ ನಾವು ಉಂಡದ್ದು ಮೈಗೆ ಹತ್ತಲಿಲ್ಲ. ವಸಂತ ಟ್ರಂಕು ತುಂಬಿ ಇಟ್ಟಿದ್ದ. ಪ್ರತಿದಿನ ಅಂಗಿ ಬೇಕೆಂದು ತೆಗೆದು ಮತ್ತೆ ತುಂಬುತ್ತಿದ್ದ. ಕೆಳಗಿನ ಮನೆಯಿಂದ ಒಂದು ಮಾತೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಕಾಶಕ್ಕ ಒಳಗೆ ಬಂದು, ಟ್ರಂಕಿನ ಮೇಲೇ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು.

"ಬರವಣಿಗಿ ಛಲೋ ಐತಿ. ಆದ್ರ ಕಡೀಕ ಇಬ್ಬರನೂ ಸಮುದ್ರಕ್ಕ ಯಾಕ ನೂಕಿದಿ?"

ನನ್ನೊಳಗಿನ ಸಾಹಿತಿ ಭಯವನ್ನೂ ಮರೆತು ಎದ್ದು ಕುಳಿತ. "ಅದು ದುರಂತ, ಕಾಶಕ್ಕ. ಇಂಥವರಿಗೆ ಸಮಾಜದಲ್ಲಿ ಬೇರೆ ದಾರಿಯೇ..."

"ಯಾ ಸಮಾಜೋ? ಕೆಳಗಿನ ಮನ್ಯಾಗ ಇರಾಕಿ ನಾನು. ಒಗ್ಗರಣಿ ಹೊತ್ತಿಸಿದಿ ಅಂತ ಅಂವ ನಿನ್ನ ಬೈಯೂದು, ನೀ ಮೂರು ದಿನ ಮಾತು ಬಿಡೂದು, ಎಲ್ಲಾ ನನಗ ಕೇಳಸ್ತೈತಿ. ಅತ್ತಿ ಮಕ್ಕಳು ಹಂಗ ಜಗಳಾಡೂದಿಲ್ಲ, ಗಂಡ ಹೆಂಡ್ತಿ ಆಡ್ತಾರ. ಒಂಬತ್ತು ವರ್ಷ ಆತು. ನೀವೇನು ಸಮುದ್ರಕ್ಕ ಬಿದ್ದೀರೇನು?"

"ನಾ ಇದನ್ನ ಹೇಳಿದ್ದೆ, ಅಕ್ಕಾ," ಎಂದ ವಸಂತ. ಅವನು ಹೇಳಿರಲೇ ಇಲ್ಲ. "ಇವಂಗ ಸುಮ್ಮನ ಮಂದೀನ್ನ ಅಳಿಸೋ ಚಟ ಅದ."

ಕಾಶಕ್ಕ ಪುಸ್ತಕವನ್ನು ನನ್ನ ಕೈಗಿಟ್ಟಳು. "ತಿದ್ದಿ ಕೊಡು. ಮತ್ತ ಓದ್ತೀನಿ."

ಮರುದಿನದಿಂದಲೇ ತಿದ್ದಲು ಕೂತೆ. ಇಬ್ಬರನ್ನು ಸಾಯಿಸಲು ನನಗೆ ಅರ್ಧ ಪುಟ ಸಾಕಾಗಿತ್ತು; ಬದುಕಿಸಲು ಮೂರು ತಿಂಗಳು ಬೇಕಾಯಿತು. ನೀರಿನ ಸರದಿ ಬರೆದೆ, ರೇಷನ್ ಅಂಗಡಿ ಬರೆದೆ, ಜ್ವರ ಬಂದ ರಾತ್ರಿಯ ಗಂಜಿ ಬರೆದೆ. ನನ್ನ ಪ್ರತಿಭೆಯ ಶಿಖರ ಇದೇ ಎಂದುಕೊಂಡು, ಒಂದು ಭಾನುವಾರ ಮಧ್ಯಾಹ್ನ ವಸಂತನನ್ನು ಎದುರಿಗೆ ಕೂರಿಸಿಕೊಂಡು, ಕಣ್ತುಂಬಿಕೊಂಡು ಓದತೊಡಗಿದೆ.

ಎರಡನೆಯ ಪುಟಕ್ಕೆ ಅವನು ಗೊರಕೆ ಹೊಡೆದ.