ರೇಡಿಯೋದಲ್ಲಿ ಬಂದ ಬೀಗರೂಟ

ಈ ತಿಂಗಳು ಮುಗಿಯುವುದರೊಳಗೆ ತನ್ನ ಹೆಸರು ರೇಡಿಯೋದಲ್ಲಿ ಮೊಳಗದಿದ್ದರೆ ಮೀಸೆ ಬೋಳಿಸುತ್ತೇನೆಂದು ಕಂಪಲಾಪುರದ ವಸಂತ ತನ್ನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಶಪಥ ಮಾಡಿದ. ಭೀಷ್ಮನನ್ನು ಬಿಟ್ಟರೆ ತಾನೇ ಎಂಬ ಗತ್ತು ಬೇರೆ! ಮೂಲೆಯಲ್ಲಿದ್ದ ಸುಟ್ಟ ಪಂಪ್‌ಸೆಟ್‌ಗಳು ಎದುರು ಮಾತಾಡಲಿಲ್ಲ.

ದಾರಿ ಸುಲಭವಿತ್ತು. ಮೈಸೂರಿನ ಎಫ್‌ಎಂ ಒಂದರಲ್ಲಿ ಬೆಳಿಗ್ಗೆ 'ಹಲೋ ಬೇಸ್ತು' ಬರುತ್ತಿತ್ತು. ನಿಮ್ಮವರ ನಂಬರ್ ಕೊಟ್ಟರೆ ಸಾಕು, ರೇಡಿಯೋ ಹುಡುಗ ಯಾರದೋ ಸೋಗಿನಲ್ಲಿ ಫೋನ್ ಮಾಡಿ ಗೋಳು ಹೊಯ್ದುಕೊಂಡು, ಕೊನೆಗೆ "ಬೇಸ್ತು!" ಎಂದು ಕೂಗುತ್ತಾನೆ. ನಂಬರ್ ಕೊಟ್ಟವನ ಹೆಸರು ಎರಡು ಸಲ ಬರುತ್ತದೆ. ವಸಂತ ಹೆಂಡತಿ ಸುಧಾಳ ನಂಬರ್ ಕೊಟ್ಟ. ತನ್ನದನ್ನೇ ಕೊಡಲು ಅವನೇನು ದಡ್ಡನೇ?

"ಮೇಡಂಗೆ ಯಾವ ವಿಷಯ ಅಂದ್ರೆ ಭಯ ಸಾರ್?" ರೇಡಿಯೋ ಹುಡುಗ ಕೇಳಿದ.

"ಬೀಗರು ಅಂದ್ರೆ ಕಣ್ರೀ!"

ವಸಂತನ ತಂಗಿ ಬೃಂದಾಳನ್ನು ಎಚ್.ಡಿ. ಕೋಟೆಯ ಮಂಚಯ್ಯನವರ ಮಗನಿಗೆ ಕೊಟ್ಟಿದ್ದರು. ಅಮ್ಮ ತೀರಿಕೊಂಡ ಮೇಲೆ ಅವಳಿಗೆ ಜಡೆ ಹಾಕಿ, ಉಣ್ಣಿಸಿ ಬೆಳೆಸಿದವಳು ಅತ್ತಿಗೆ ಸುಧಾ. ಗಂಡಿನ ಮನೆಯವರು ಮದುವೆಯಾದ ವಾರದಲ್ಲೇ ಬಾಡೂಟ ಹಾಕಿ ತಮ್ಮ ಬೀಗರೂಟ ಮುಗಿಸಿದ್ದರು. ಹೆಣ್ಣಿನ ಕಡೆಯ ಬೀಗರೂಟ ಮಾತ್ರ ಹೊಲದ ಹೊಗೆಸೊಪ್ಪನ್ನು ಗೂಡಿಗೇರಿಸಿ ಬೇಯಿಸುವ ಗಡಿಬಿಡಿಯಲ್ಲಿ ಮುಂದಕ್ಕೆ ಹೋಗುತ್ತಲೇ ಇತ್ತು. "ಬೀಗರು ಮುನಿಸ್ಕೊಂಡು ನಮ್ಮ ಬೃಂದಾ ಮಗೀಗೆ ಏನಾದ್ರೂ ಅಂದ್ರೆ ಏನ್ರೀ ಮಾಡದು?" ಎಂದು ಸುಧಾ ಕೇಳುವುದು, "ಮುಂದಿನ ವಾರ ಹಾಕಾಣ ಬುಡು" ಎಂದು ವಸಂತ ಜಾರಿಕೊಳ್ಳುವುದು ನಡೆದೇ ಇತ್ತು. ಇದನ್ನೆಲ್ಲ ಉಪ್ಪು ಖಾರ ಹಚ್ಚಿ ರೇಡಿಯೋಗೆ ಒಪ್ಪಿಸಿದ.

"ಮೇಡಂ ಒಪ್ತಾರಾ ಸಾರ್?"

"ನಾನು ಒಪ್ಪಿದ ಮ್ಯಾಲೆ ಅವಳು ಒಪ್ಪಿದಂಗೇ ಕಣ್ರೀ!"

ಆ ದಿನ ಅಂಗಡಿ ಮುಂದೆ ಜನ ಸೇರಿಸಿ, ಎಲ್ಲರಿಗೂ ಟೀ ಹೇಳಿ, ವಸಂತ ರೇಡಿಯೋದ ಕಿವಿ ತಿರುವಿದ. ನೇರ ಪ್ರಸಾರ!

"ಕೋಟೆಯಿಂದ ಮಂಚಯ್ಯನವರ ಭಾಮೈದ ಮಾತಾಡ್ತಿರದು. ಬೀಗರೂಟ ಹಾಕಕ್ಕೆ ಯೋಗ್ಯತೆ ಇಲ್ದೋರ ಮನೆ ಹೆಣ್ಣು ನಮಗೆ ಬ್ಯಾಡ. ಬಸ್ ಹತ್ತಿಸ್ತಾ ಇದೀವಿ, ಇಳಿಸ್ಕೊಳಿ!"

ಅಂಗಡಿ ಘೊಳ್ಳೆಂದು ನಕ್ಕಿತು.

"ಅಣ್ಣಾ, ತಪ್ಪೆಲ್ಲ ನಂದು ಕಣಣ್ಣ," ಎಂದಳು ಸುಧಾ. "ಮಗೀನ ಒಂಟಿಯಾಗಿ ಬಸ್ ಹತ್ತಿಸ್ಬೇಡಿ. ನಾನೇ ಬತ್ತೀನಿ, ಕಾಲಿಗೆ ಬೇಕಾದ್ರೂ ಬೀಳ್ತೀನಿ. ಅವಳ್ನ ಏನೂ ಅನ್ಬೇಡಿ ಅಣ್ಣಾ..." ಆಮೇಲೆ ಅಳುವೊಂದೇ ಕೇಳಿಸಿತು.

ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ವಸಂತ ಓಡಿಹೋಗಿ ರೇಡಿಯೋ ಆರಿಸಿದ. ಆದರೆ ಪಕ್ಕದ ಹೋಟೆಲಿನದು ಹಾಡುತ್ತಲೇ ಇತ್ತು, ಅದರಾಚೆ ಸಲೂನಿನದು! "ಬೇಸ್ತು! ಇದು ನಿಮ್ಮ ಪ್ರೀತಿಯ ಪತಿ, ಕಂಪಲಾಪುರದ ವಸಂತ್ ಅವರ ಐಡಿಯಾ ಮೇಡಂ! ವಸಂತ್ ಅವರಿಗೆ ಒಂದು ಚಪ್ಪಾಳೆ!" ಹೇಳಿದ ಹಾಗೆ ಹೆಸರು ಎರಡು ಸಲ ಬಂತು. ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ.

ಮನೆಗೆ ಹೋದರೆ ಸುಧಾ ಕಣ್ಣೊರೆಸಿಕೊಂಡು ಅಕ್ಕಿ ಆರಿಸುತ್ತಿದ್ದಳು.

"ತಮಾಷೆಗೆ ಕಣಮ್ಮಿ."

"ಯಾರಿಗೆ?"

ಅಷ್ಟರಲ್ಲಿ ವಸಂತನಿಗೆ ಫೋನ್ ಬಂತು. ಕೋಟೆಯಿಂದ ಬೀಗಿತ್ತಿ ಭಾಗ್ಯಮ್ಮ! ಈ ಸಲ ಸೋಗಲ್ಲ, ಸಾಕ್ಷಾತ್ ಅವರೇ.

"ಏನಪ್ಪಾ, ಒಂದು ತುಂಡು ಬಾಡಿನ ಆಸೆಗೆ ಸೊಸೇನ ಬಸ್ ಹತ್ತಿಸೋರಾ ನಾವು? ನಮ್ಮೆಜಮಾನ್ರು ಡೈರಿಗೆ ಹಾಲು ಹಾಕಕ್ಕೋದ್ರೆ, 'ಸೊಸೆ ಎಷ್ಟೊತ್ತಿನ ಬಸ್ಸಿಗೆ ಮಂಚಣ್ಣ' ಅಂತ ಕೇಳ್ತಾವ್ರೆ! ಬೃಂದಾ ಕೋಣೆ ಬಾಗಿಲು ಹಾಕ್ಕೊಂಡು ಕೂತವಳೆ. ನಮ್ಮ ಮಾನ ಹರಾಜಾಕಕ್ಕೆ ನಿಂಗ್ಯಾರು ಒಪ್ಪಿಗೆ ಕೊಟ್ಟೋರು?"

ಸುಳ್ಳು ಹೇಳಿಸಿದ್ದೇ ನಿಜವಾಗುವ ಹಾಗಿತ್ತು. ತಂಗಿಯ ಬಾಳು ಎಲ್ಲಿ ಕೆಟ್ಟೀತೋ ಎಂದು ಬೆವರುತ್ತ ವಸಂತ ಕೋಟೆಯ ಬಸ್ ಹತ್ತಿದ. "ಬೇಸ್ತು ವಸಂತಣ್ಣ ನೀವೇನಾ?" ಎಂದು ಕಂಡಕ್ಟರ್ ಟಿಕೆಟ್‌ಗಿಂತ ಮೊದಲು ಕೇಳಿದ. ಕೀರ್ತಿಯೆಂದರೆ ಕೀರ್ತಿ! ಬೀಗರ ಮನೆ ಬಾಗಿಲಲ್ಲಿ ತಪ್ಪಾಯಿತೆಂದು ಅಡ್ಡಬಿದ್ದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೂ ಇರಲಿಲ್ಲ, ಮೀಸೆಯೇ ಮೊದಲು ನೆಲ ಮುಟ್ಟಿತ್ತು. ಭಾನುವಾರ ಊಟಕ್ಕೆ ಬರಬೇಕೆಂದು ಕುಂಕುಮವಿಟ್ಟು ಕರೆದು ಬಂದ.

ಬೀಗರು ಟೆಂಪೋ ತುಂಬ ಬಂದರು. ಎರಡು ಟಗರು ಬಿದ್ದವು. ಸೌದೆ ಒಲೆ ಊದಿದವನು, ಮುದ್ದೆ ಕಟ್ಟಿದವನು, ಬೋಟಿ ಗೊಜ್ಜು ಬಡಿಸಿದವನು, ಎಲೆ ತೆಗೆದವನು ವಸಂತನೇ. ಬೃಂದಾ ಅತ್ತಿಗೆಯ ಪಕ್ಕದಲ್ಲಿ ಕೂತು ನಗುತ್ತಿದ್ದಳು. ಅದನ್ನು ನೋಡಿ ಅವನಿಗೆ ಹೋದ ಜೀವ ಬಂದಂತಾಯಿತು.

ಭಾಗ್ಯಮ್ಮ ಕೈ ತೊಳೆದು, ವೀಳ್ಯದೆಲೆಗೆ ಸುಣ್ಣ ಸವರುತ್ತ ಹೇಳಿದರು: "ಊಟ ಭೇಷಾಗಿತ್ತು ಕಣಪ್ಪ. ರೇಡಿಯೋ ತಪ್ಪಿಗೆ ಇದು ದಂಡದೂಟ ಆಯ್ತು. ಈಗ ಬೀಗರೂಟ ಯಾವತ್ತು ಮಡಿಕ್ಕೊಂಡಿದೀರಿ?"

ವಸಂತ ಹೊಟ್ಟೆ ಹಿಡಿದುಕೊಂಡು ನಕ್ಕ. ಬೇರೆ ಯಾರೂ ನಗಲಿಲ್ಲ. ಮಂಚಯ್ಯ ಅಡಿಕೆ ಹೋಳು ಆರಿಸುತ್ತಿದ್ದರು. ಬೃಂದಾ ನೆಲ ನೋಡುತ್ತಿದ್ದಳು. ಯಾರಾದರೂ "ಬೇಸ್ತು!" ಎಂದಾರೆಂದು ಅವನು ಒಬ್ಬೊಬ್ಬರ ಮುಖವನ್ನೂ ಆಸೆಯಿಂದ ನೋಡಿದ.

ಸುಧಾ ಮೊಳೆಯಿಂದ ಕ್ಯಾಲೆಂಡರ್ ಇಳಿಸಿ ಅವನ ಕೈಗೆ ಕೊಟ್ಟಳು.

"ದಿನ ನೋಡಿ ಹೇಳ್ರೀ, ಬೀಗರು ಕಾಯ್ತಾವ್ರೆ."